ಹರಿದ ಟೇಪಿನ ಮೂರು ಇಂಚು

ನಮ್ಮ ಅಡಿಗೆಮನೆಯ ಮೊಳೆಗೆ ಒಂದು ರಟ್ಟು ತೂಗುತ್ತಿರುತ್ತದೆ. ಎರಡೂ ಕಡೆ ಕ್ಯಾನ್ವಾಸು ಅಂಟಿಸಿ, ಅಂಚಿಗೆಲ್ಲ ಹೊಲಿಗೆ ಹಾಕಿದ ದಪ್ಪ ರಟ್ಟು. ಮೇಲೆ ಅಗಲವಾಗಿದ್ದು, ಕೆಳಗೆ ಬರುತ್ತ ಬರುತ್ತ ಕಿರಿದಾಗಿ, ದುಂಡಗೆ ಮುಗಿಯುತ್ತದೆ. ಬೇಸಿಗೆಯಲ್ಲಿ ನನ್ನ ಹೆಂಡತಿ ಅದರಿಂದ ತನಗೆ ಗಾಳಿ ಹಾಕಿಕೊಳ್ಳುತ್ತಾಳೆ, ಉಳಿದ ದಿನ ಒಲೆಗೆ. ಅವಳು ಅದಕ್ಕಿಟ್ಟ ಹೆಸರು 'ಎಮ್ಮಿ ನಾಲಿಗಿ'. ಮೊನ್ನೆ ಯಾರೋ ಪ್ಲಾಸ್ಟಿಕ್ಕಿನ ಬೀಸಣಿಗೆ ಕೊಟ್ಟರೆಂದು ಇದನ್ನು ಒಲೆಯೊಳಗೇ ತುರುಕುವ ಮಾತಾಡಿದಳು. ನನಗೆ ತಡೆಯಲಾಗಲಿಲ್ಲ. ಅದು ಎಮ್ಮೆಯ ನಾಲಿಗೆಯಲ್ಲ, ಗಣಿತ, ಎಂದೆ.

ಅವಳು ನನ್ನನ್ನು ಮೇಲಿನಿಂದ ಕೆಳಗಿನತನಕ ನೋಡಿದಳು. "ಮೂರನೇ ಕ್ಲಾಸ್ ಓದಿದವ್ರ ಬಾಯಾಗ ಗಣಿತ ಬಂತಂದ್ರ ಮಳಿ ಬರ್ತದ" ಎಂದು ರಟ್ಟನ್ನು ಮತ್ತೆ ಮೊಳೆಗೆ ಹಾಕಿದಳು.

ಹೌದು, ನಾನು ಓದಿದ್ದು ಮೂರನೆಯ ತರಗತಿ, ಅದೂ ಪೂರ್ತಿಯಲ್ಲ. ಬೇರೆ ಯಾರಾದರೂ ಹೇಳುವ ಮೊದಲೇ ನಾನೇ ಹೇಳಿಬಿಡುವುದು ನನ್ನ ರೂಢಿ. ನಮ್ಮೂರು ಮಾನ್ವಿ ತಾಲೂಕಿನ ಮಲ್ಲಟ. ಅಪ್ಪ ಕೈಮಷೀನು ಇಟ್ಟುಕೊಂಡು ಊರೂರ ಸಂತೆಯಲ್ಲಿ ಕೂತು ಹೊಲಿಯುತ್ತಿದ್ದ. ಹೊಲಿಗೆಯವರ ಮನೆಯಲ್ಲಿ ಹುಟ್ಟಿದವರಿಗೆ ಗೊತ್ತಿರುತ್ತದೆ, ಅಲ್ಲಿ ದಾರ ಸೇರದ ಜಾಗವೇ ಇಲ್ಲ. ತಲೆಗೂದಲಲ್ಲಿ ದಾರ, ಹಾಸಿಗೆಯಲ್ಲಿ ದಾರ. ಜೋಳದ ರೊಟ್ಟಿ ಮುರಿದರೆ ಒಂದು ಎಳೆ ಹೊರಗೆ ಬರಬೇಕು. ಬಾರದ ದಿನ ಅದು ನೆರೆಮನೆಯ ರೊಟ್ಟಿಯೇನೋ ಅನ್ನಿಸುತ್ತಿತ್ತು. ಆ ಅಪ್ಪನಿಗೆ ಒಂದು ವರ್ಷ ಸೂಜಿಯ ಕಣ್ಣು ಕಾಣದಾಯಿತು. ದಾರ ಪೋಣಿಸಿಕೊಡಲು ಮೊದಲು ಸಂಜೆ ಮಾತ್ರ ಕೂತೆ, ಆಮೇಲೆ ಮಧ್ಯಾಹ್ನ, ಕೊನೆಗೆ ಇಡೀ ದಿನ. ಶಾಲೆ ಬಿಟ್ಟೆ ಎಂದು ಯಾರೂ ಹೇಳಲಿಲ್ಲ. ಅದು ತಾನೇ ಬಿಚ್ಚಿಕೊಂಡ ಹೊಲಿಗೆಯಂತೆ ಹೋಯಿತು. ಆದರೆ ಮಾನ್ವಿಯ ಸಂತೆಯಲ್ಲಿ ಒಮ್ಮೆ ನಮ್ಮೂರ ಶಾಲೆಯ ಮಾಸ್ತರರು ನಾಲ್ಕು ಜನರೆದುರು, ಯಾವಾಗಾದರೂ ಬಾರೋ ನಾಗ್ಯಾ, ಕಡೇ ಸಾಲಿನಲ್ಲಿ ನಿನಗೆ ಜಾಗ ಇದ್ದೇ ಇರುತ್ತದೆ, ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿರಬೇಕು. ನನಗೆ ಮಾತ್ರ 'ಕಡೇ ಸಾಲು' ಎಂಬುದು ಮುಳ್ಳಿನಂತೆ ನಟ್ಟಿತು. ಇನ್ನು ಸಾಯುವತನಕ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ ಎಂದು ಅಪ್ಪನ ಮಷೀನಿನ ಚಕ್ರ ಮುಟ್ಟಿ ಆಣೆ ಮಾಡಿದೆ. ಆ ವಯಸ್ಸಿಗೆ ಅದಕ್ಕಿಂತ ದೊಡ್ಡ ದೇವರು ನನಗೆ ಗೊತ್ತಿರಲಿಲ್ಲ.

ಮೀಸೆ ಮೂಡುವ ಹೊತ್ತಿಗೆ ರಾಯಚೂರಿಗೆ ಬಂದು ಕರೀಂ ಉಸ್ತಾದರ ಅಂಗಡಿ ಸೇರಿದೆ. ತೀನ್ ಕಂದೀಲಿನ ಹತ್ತಿರ ಒಂದು ಓಣಿಯಲ್ಲಿ ಅವರದು ಎರಡು ಮಷೀನಿನ ಅಂಗಡಿ. ನಿಜಾಮರ ಕಾಲ. ಸರ್ಕಾರಿ ನೌಕರಿ ಎಂದರೆ ಶೇರ್ವಾನಿ. ಶೇರ್ವಾನಿ ಎಂದರೆ ನಮ್ಮ ಓಣಿಯಲ್ಲಿ ಕರೀಂ ಉಸ್ತಾದರು. ಅವರು ಕತ್ತರಿಸುವುದನ್ನು ನೋಡಲು ನಾನು ಊಟ ಬಿಟ್ಟು ನಿಂತದ್ದುಂಟು. ಗುಂಡಿ, ಗುಂಡಿ ತೂರುವ ಕಾಜು ನನಗೆ, ಕತ್ತರಿ ಅವರಿಗೆ. ಆ ಕತ್ತರಿಯನ್ನು ಬೇರೆ ಕೈ ಮುಟ್ಟುವಂತಿರಲಿಲ್ಲ. ಮುಟ್ಟಿದರೆ ಏನಾಗುತ್ತದೆ ಎಂಬುದಕ್ಕೆ ಗೋಡೆಗೆ ಒಂದು ಸಾಕ್ಷಿ ನೇತುಹಾಕಿದ್ದರು: ಹಿಂದೆ ಅವರಲ್ಲಿದ್ದ ಒಬ್ಬ ದರ್ಜಿ ತೋಳಿನ ಆಕಾರದ ನಕಾಸೆ ಕಾಗದವನ್ನು ಮಗುಚಿ ಇಡದೆ ಕತ್ತರಿಸಿ, ಒಂದೇ ಕೋಟಿಗೆ ಎರಡೂ ಎಡಗೈ ತೋಳು ಮಾಡಿಟ್ಟಿದ್ದನಂತೆ. ಆ ಜೋಡಿ ಎಡತೋಳು ಅಲ್ಲೇ ತೂಗುತ್ತಿತ್ತು. ಯಾಕೆ ಇಟ್ಟುಕೊಂಡಿದ್ದೀರಿ ಎಂದು ಕೇಳಿದವರಿಗೆ, ಎರಡೂ ಎಡಗೈ ಇರುವ ಗಿರಾಕಿ ಬರಲಿ ಎಂದು ಕಾಯುತ್ತಿದ್ದೇನೆ ಎನ್ನುತ್ತಿದ್ದರು.

ಅದು ಲಡಾಯಿಯ ಕಾಲವೂ ಹೌದು. ಎಲ್ಲೋ ದೂರ ತೋಪು ಹಾರಿದರೆ ನಮ್ಮ ಓಣಿಯಲ್ಲಿ ಸೂಜಿ ಸಿಗುತ್ತಿರಲಿಲ್ಲ. ಬಟ್ಟೆಗೆ ಕಂಟ್ರೋಲು, ಸರ್ಕಾರ ಅಳೆದು ಕೊಟ್ಟಷ್ಟೇ. ಹೊಸ ಟೇಪಂತೂ ಕನಸಿನ ಮಾತು. ಉಸ್ತಾದರ ಟೇಪು ಮಡಿಸಿ ಮಡಿಸಿ ಸವೆದು, ಮೊದಲಿನ ಮೂರು ಇಂಚು ಹರಿದೇ ಹೋಗಿತ್ತು. ಆದರೇನು, ಅವರು ಹರಿದ ತುದಿಯನ್ನೇ ಮೈಗೆ ಒತ್ತಿ ಅಳೆಯುತ್ತಿದ್ದರು. ಟೇಪು ಶುರುವಾಗುವುದೇ ಮೂರರಿಂದ. ಆದ್ದರಿಂದ ಎದೆಯ ಸುತ್ತ ಮೂವತ್ತೇಳು ತೋರಿಸಿದರೆ ನಿಜವಾಗಿ ಇರುವುದು ಮೂವತ್ತನಾಲ್ಕು. "ತೀನ್ ಕಮ್" ಎಂದು ಬಾಯಲ್ಲೇ ಗೊಣಗಿ, ಮೂರು ಕಳೆದು, ಸರಿಯಾದ ಅಳತೆಯನ್ನು ಗಟ್ಟಿಯಾಗಿ ಹೇಳುತ್ತಿದ್ದರು. ವರ್ಷಗಟ್ಟಲೆ ಹೀಗೇ ನಡೆದು 'ತೀನ್ ಕಮ್' ಎಂಬುದು ಅವರ ಉಸಿರಿಗೆ ಸೇರಿಹೋಗಿತ್ತು. ಗಿರಾಕಿಗಳು ಅದನ್ನು ಏನೋ ದುವಾ, ದೇವರ ಪ್ರಾರ್ಥನೆ, ಎಂದು ತಿಳಿಯುತ್ತಿದ್ದರು.

ಅಂಗಡಿಯ ಮೇಲಿನ ಮಾಳಿಗೆಯ ಕೋಣೆಗೆ ಶ್ರೀಪಾದ ಮಾಸ್ತರರು ಬಾಡಿಗೆಗೆ ಬಂದದ್ದು ಆಗಲೇ. ಅವರೂ ಮಾನ್ವಿ ಕಡೆಯವರೇ; ತಲೆತಲಾಂತರದಿಂದ ಗುಡಿಯ ಪೂಜೆಯ ಮನೆತನ, ಸರ್ಕಾರದ ನೌಕರಿಗೆ ಹೊರಬಿದ್ದವರಲ್ಲಿ ಇವರೇ ಮೊದಲಿಗರು. ಊರಿನ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳುತ್ತಿದ್ದರು. ನೌಕರಿ ಹಂಗಾಮಿ. ಇಲಾಖೆಯ ದೊಡ್ಡ ಸಾಹೇಬರು ಬಂದು ಅವರ ಪಾಠ ನೋಡಿ ಒಪ್ಪಿದರೆ ಕಾಯಂ, ಇಲ್ಲವಾದರೆ ಮನೆಗೆ. ಇದರ ಮೇಲೆ ಇನ್ನೊಂದು ಗಂಟಿತ್ತು. ದೇವದುರ್ಗದಲ್ಲಿ ಒಂದು ಹೆಣ್ಣು ನೋಡಿಬಂದಿದ್ದರು. ನೋಡಿಬಂದವರು ಕೆಲವು ದಿನ ಕಾಜಿನೊಳಗೆ ಗುಂಡಿ ಹಾಕುವುದನ್ನೂ ಮರೆತಿದ್ದರು ಎಂದರೆ ನೀವೇ ತಿಳಿದುಕೊಳ್ಳಿ. ಹುಡುಗಿಯ ತಂದೆ ಮಾತ್ರ, ನೌಕರಿ ಕಾಯಂ ಆದರೆ ಮುಂದಿನ ಮಾತು, ಹಂಗಾಮಿಗೆ ಮಗಳನ್ನು ಕೊಡುವುದಿಲ್ಲ ಎಂದು ಕಡ್ಡಿ ಮುರಿದಂತೆ ಹೇಳಿದ್ದರು.

ಮಾಸ್ತರರಿಗೆ ಪಾಠ ಹೇಳಲು ಬರುವುದಿಲ್ಲವೆಂದೇನಲ್ಲ. ನಮ್ಮಂಥವರ ಮುಂದೆ ಕೂತರೆ ಮಾತು ನೀರಿನಂತೆ ಹರಿಯುತ್ತಿತ್ತು. ದೊಡ್ಡವರು ಎದುರು ಬಂದರೋ, ನಾಲಿಗೆ ಅಂಗುಳಿಗೆ ಅಂಟಿಬಿಡುತ್ತಿತ್ತು. ಒಮ್ಮೆ ಅವರ ಹೆಡ್‌ಮಾಸ್ತರರು ದಾರಿಯಲ್ಲಿ ಎದುರಾಗಿ ಊಟ ಆಯಿತೇ ಎಂದು ಕೇಳಿದ್ದಕ್ಕೆ ಇವರಿಂದ ಉತ್ತರ ಹೊರಟಿರಲಿಲ್ಲ. ಇದಕ್ಕೆ ಮದ್ದೆಂದು ಅವರೇ ಒಂದು ಉಪಾಯ ಹುಡುಕಿದರು. ಕೈಯಲ್ಲಿ ಏನಾದರೂ ವಸ್ತು ಇದ್ದರೆ ಧೈರ್ಯ ಇರುತ್ತದೆ ಎಂದು ನನ್ನ ಬಳಿ ಬಂದು, ಚೌಕಳಿ ಗೆರೆಯ ಕಾಗದದ ಮೇಲೆ ಬರೆದ ಒಂದು ಡೊಂಕು ಗೆರೆ ತೋರಿಸಿ, ಇದನ್ನು ದಪ್ಪ ರಟ್ಟಿನಲ್ಲಿ ದೊಡ್ಡದಾಗಿ ಕತ್ತರಿಸಿ ಕೊಡು ಎಂದರು.

ಅದೇ ನಮ್ಮ ಎಮ್ಮೆಯ ನಾಲಿಗೆ.

ಏನಿದು ಎಂದೆ. ಒಂದು ಸಂಖ್ಯೆ ತೆಗೆದುಕೊ, ಅದನ್ನು ಅದರಿಂದಲೇ ಗುಣಿಸು, ಬಂದಷ್ಟು ಎತ್ತರದಲ್ಲಿ ಚುಕ್ಕೆ ಇಡು, ಎಂದರು. ನನ್ನ ಸೀಮೆಸುಣ್ಣದಿಂದಲೇ ಮೇಜಿನ ಮೇಲೆ ಒಂದು ಅಡ್ಡ ಗೆರೆ, ಒಂದು ಉದ್ದ ಗೆರೆ ಎಳೆದರು. ಸೊನ್ನೆಯ ಮೇಲೆ ಸೊನ್ನೆ. ಒಂದರ ಮೇಲೆ ಒಂದು. ಎರಡರ ಮೇಲೆ ನಾಲ್ಕು. ಎಡಗಡೆಗೂ ಹಾಗೆಯೇ. ಚುಕ್ಕೆಗಳನ್ನು ಸೇರಿಸಿದಾಗ ಆಳವಾಗಿ ಇಳಿದ ಅಂಗಿಯ ಕೊರಳಿನಂಥ ಗೆರೆ ಮೂಡಿತು. ಇಷ್ಟೇನಾ, ದಿನಾ ಕತ್ತರಿಸುತ್ತೇನಲ್ಲ, ಎಂದೆ. ಅಲ್ಲಿಗೆ ಸುಮ್ಮನಿದ್ದಿದ್ದರೆ ನನಗೂ ಗಣಿತಕ್ಕೂ ಸಂಬಂಧವೇ ಬೀಳುತ್ತಿರಲಿಲ್ಲ. ಅವರು ನನ್ನ ಮುಂದೆಯೇ ಪಾಠ ಒಪ್ಪಿಸಿ ರೂಢಿ ಮಾಡಿಕೊಳ್ಳತೊಡಗಿದರು. ಅಂಗಡಿ ಮುಚ್ಚುವ ಮೊದಲು ಮೇಜಿನ ಮೇಲೆ ರಟ್ಟು ಇಟ್ಟು ಸರಿಸುವುದು, ಹೇಳುವುದು. ಬಂದ ಉತ್ತರಕ್ಕೆಲ್ಲ ಮೂರು ಕೂಡಿಸಿದರೆ ಇಡೀ ಗೆರೆ ಮೂರು ಮೇಲಕ್ಕೆ. ಒಪ್ಪಿದೆ, ತಲೆಗೆ ರುಮಾಲು ಸುತ್ತಿದರೆ ಆಳು ಎತ್ತರವಾಗುತ್ತಾನೆ. ಉತ್ತರಕ್ಕೆಲ್ಲ ಋಣದ ಗುರುತು ಹಾಕಿದರೆ ಗೆರೆ ತಲೆಕೆಳಗು. ಒಪ್ಪಿದೆ, ಬೋಗುಣಿ ಬೋರಲಾಯಿತು. ಎರಡರಿಂದ ಗುಣಿಸಿದರೆ ಉದ್ದಕ್ಕೆ ಎಳೆದಂತೆ ಕಿರಿದಾಗುತ್ತದೆ. ಅದೂ ಸರಿ, ಓರೆಯಾಗಿ ಕತ್ತರಿಸಿದ ಬಟ್ಟೆಯನ್ನು ಜಗ್ಗಿದರೆ ಹಾಗೇ ಆಗುತ್ತದೆ.

ಜಗಳ ಬಿದ್ದದ್ದು ಇದರ ನಂತರ. ಗುಣಿಸುವುದಕ್ಕೂ ಮೊದಲೇ, ತೆಗೆದುಕೊಂಡ ಸಂಖ್ಯೆಯಿಂದ ಮೂರು ಕಳೆದರೆ, ಗೆರೆ ಮೂರು ಮನೆ ಬಲಕ್ಕೆ ಹೋಗುತ್ತದೆ ಎಂದರು.

"ಎಡಕ್ಕ ಅನ್ರಿ" ಎಂದೆ.

"ಬಲಕ್ಕ."

"ಕಳದ್ರ ಹಿಂದ ಹೋಗಬೇಕ್ರೀ ಮಾಸ್ತರ. ಕಳಕೊಂಡಾಂವ ಮುಂದ ಹೆಂಗ ಹೋಗ್ತಾನ?"

ಚುಕ್ಕೆ ಇಟ್ಟು ತೋರಿಸಿದರು. ಲೆಕ್ಕ ಸರಿಯಾಗಿಯೇ ಬರುತ್ತಿತ್ತು. ಗೆರೆಯ ತಳ ಮೂರರ ಮೇಲೆ ಹೋಗಿ ಕೂತಿತ್ತು. ಕಣ್ಣು ಒಪ್ಪಿದರೂ ನನ್ನ ಹಟ ಒಪ್ಪಲಿಲ್ಲ. ಶಾಲೆ ಬಿಟ್ಟವನಿಗೆ ಒಂದು ಕಾಯಿಲೆ ಇರುತ್ತದೆ: ಓದಿದವರು ಹೇಳಿದ್ದನ್ನು ಸುಮ್ಮನೆ ನಂಬಿದರೆ ಸೋತಂತೆ. ಯಾಕೆ ಎಂದು ಹೇಳಿ, ಆಮೇಲೆ ನಂಬುತ್ತೇನೆ, ಎಂದು ಕೂತುಬಿಟ್ಟೆ. ಅವರಿಗೆ ಯಾಕೆ ಎಂದು ಹೇಳಲು ಬರಲಿಲ್ಲ. ಹುಡುಗರೂ ಇದನ್ನೇ ಕೇಳಿ ನಗುತ್ತಾರಂತೆ. ಸಾಹೇಬರೂ ಇದನ್ನೇ ಕೇಳುತ್ತಾರೆ, ನನಗೆ ಗೊತ್ತು, ಎಂದು ತಲೆಯ ಮೇಲೆ ಕೈ ಇಟ್ಟುಕೊಂಡರು. ನಾವು ಬಲಕ್ಕೆ ಎಡಕ್ಕೆ ಎಂದು ವಾದಿಸುವುದನ್ನು ಕೇಳಿ ಕೇಳಿ ಉಸ್ತಾದರು, ಇವರಿಬ್ಬರೂ ಎತ್ತು ಹೂಡಿದ್ದಾರೋ ರಟ್ಟು ಹಿಡಿದಿದ್ದಾರೋ, ಎಂದು ಗಿರಾಕಿಗಳ ಮುಂದೆ ನಗುತ್ತಿದ್ದರು.

ಸಾಹೇಬರು ಬರುವ ದಿನ ಗೊತ್ತಾಯಿತು. ಮಾಸ್ತರರ ಬಳಿ ಶೇರ್ವಾನಿ ಇರಲಿಲ್ಲ. ಅಲ್ಲಿಯವರೆಗೆ ಯಾರದೋ ಹಳೆಯದು ತೊಟ್ಟು ಕಾಲ ತಳ್ಳಿದ್ದರು. ಕಂಟ್ರೋಲಿನಲ್ಲಿ ಕರಿ ಬಟ್ಟೆ ಒಂದು ಮೈಗೆ ಸರಿಯಾಗುವಷ್ಟು ಸಿಕ್ಕಿತು. ಅದೇ ವಾರ ರೈಲಿನ ಗಾರ್ಡೊಬ್ಬರು ಮುಂಬಯಿಯಿಂದ ಉಸ್ತಾದರಿಗೆ ಹೊಸ ಟೇಪು ತಂದುಕೊಟ್ಟರು. ಹಳದಿ ಬಣ್ಣ, ಕರಿ ಅಂಕಿ, ಎರಡೂ ತುದಿಗೆ ಹಿತ್ತಾಳೆ. ಉಸ್ತಾದರು ಅದನ್ನು ಕಣ್ಣಿಗೆ ಒತ್ತಿಕೊಂಡರು. ಇದರಿಂದ ಮೊದಲ ಅಳತೆ ನಮ್ಮ ಮಾಸ್ತರರದೇ, ಅವರ ನೌಕರಿಗೂ ಇದಕ್ಕೂ ಒಟ್ಟಿಗೇ ಬರಕತ್ ಆಗಲಿ, ಎಂದರು. ಹರಿದ ಟೇಪನ್ನು ನನ್ನ ಕೊರಳಿಗೆ ಎಸೆದರು. ನಾನು ಅದನ್ನು ಹೂಮಾಲೆಯಂತೆ ಹಾಕಿಕೊಂಡು ತಿರುಗಿದೆ.

ಮಾಸ್ತರರು ಅಳತೆ ಕೊಟ್ಟವರು ಮತ್ತೆ ತೊಟ್ಟುನೋಡಲು ಬರಲಿಲ್ಲ. ಪಾಠ ಉರುಹಾಕುವುದರಲ್ಲಿ ಮುಳುಗಿದ್ದರು. ತೊಟ್ಟದ್ದು ಸಾಹೇಬರು ಬರುವ ಹಿಂದಿನ ದಿನ ಸಂಜೆ. ಎದೆಯ ಮೇಲೆ ಗುಂಡಿಗೂ ಕಾಜಿಗೂ ಭೆಟ್ಟಿಯೇ ಆಗಲೊಲ್ಲದು. ತೋಳು ಮಣಿಕಟ್ಟಿಗಿಂತ ಮೇಲೆ ನಿಂತಿತ್ತು. ಬೆನ್ನು ನಗಾರಿಯಂತೆ ಬಿಗಿದಿತ್ತು.

ಉಸ್ತಾದರು ಸುತ್ತ ತಿರುಗಿ ನೋಡಿದರು. "ದೇವದುರ್ಗದಾಗ ಏನೇನ್ ತಿನಸ್ಯಾರ್ರಿ ನಿಮಗ?"

ಮಾಸ್ತರರು ಸತ್ಯವಂತರು. ಅವಲಕ್ಕಿ ಮಾತ್ರ ಎಂದರು.

ಮತ್ತೆ ಅಳೆದರು. ಹೊಸ ಟೇಪು ಸುತ್ತಿ, ತುಟಿ ಅಲುಗಿಸಿ, "ಇಕತ್ತೀಸ್" ಎಂದರು. ಮೂವತ್ತೊಂದು. ಅಂಗಿಯೂ ಮೂವತ್ತೊಂದಕ್ಕೇ ಇತ್ತು. ಮೈಯೂ ಅಂಗಿಯೂ ಒಂದೇ ಅಳತೆ, ಆದರೂ ಒಂದರೊಳಗೆ ಒಂದು ಹಿಡಿಯುತ್ತಿಲ್ಲ. ಉಸ್ತಾದರ ಮುಖ ಬಿಳಿಚಿತು. ಏನೋ ಗಾಳಿ ಸೋಕಿದೆ ಎಂದುಕೊಂಡರೋ ಏನೋ. ಆಗ ಮಾಸ್ತರರು ಮೆಲ್ಲಗೆ, ಈಗ ಬಾಯಲ್ಲಿ ಏನಂದಿರಿ ಎಂದು ಕೇಳಿದರು. ಏನೂ ಇಲ್ಲವಲ್ಲ ಎಂದರು ಉಸ್ತಾದರು, ಮತ್ತು ಅದು ಸುಳ್ಳಾಗಿರಲಿಲ್ಲ. ಉಸಿರಾಡಿದ್ದನ್ನು ಯಾರಾದರೂ ಲೆಕ್ಕ ಇಡುತ್ತಾರೆಯೇ? ಟೇಪು ಹೊಸದಾದರೂ ತುಟಿ ಹಳೆಯದು. ಹರಿಯದ ಟೇಪಿನಲ್ಲೂ ಅದು 'ತೀನ್ ಕಮ್' ಎಂದು ಮೂರು ಕಳೆದಿತ್ತು; ಮೂವತ್ತನಾಲ್ಕರ ಎದೆಗೆ ಮೂರು, ತೋಳಿಗೆ ಮೂರು, ಉದ್ದಕ್ಕೆ ಮೂರು. ವರ್ಷಗಟ್ಟಲೆ ಕೇಳಿ ಮಂದವಾದ ನಮ್ಮ ಕಿವಿಗಳಿಗೂ ಅದು ಬಿದ್ದಿರಲಿಲ್ಲ.

ಬಿಚ್ಚಿ ಬಿಡಲು ಒಳಗೆ ಬಟ್ಟೆಯಿಲ್ಲ. ಕಂಟ್ರೋಲಿನ ಕಾಲದಲ್ಲಿ ಒಳಅಂಚು ಬಿಡುವ ಶ್ರೀಮಂತಿಕೆ ಎಲ್ಲಿಯದು? ಬೇರೆ ಬಟ್ಟೆಯಿಲ್ಲ, ಬೇರೆ ದಿನವೂ ಇಲ್ಲ. ಉಸ್ತಾದರು ನೆಲದ ಮೇಲೆ ಕೂತು ಕತ್ತರಿಯನ್ನು ದೂರ ಸರಿಸಿದರು. ಅವರನ್ನು ಹಾಗೆ ನಾನು ಎಂದೂ ನೋಡಿರಲಿಲ್ಲ. ಮಾಸ್ತರರು ತಮ್ಮ ದುಃಖ ಬಿಟ್ಟು ಅವರ ಪಕ್ಕದಲ್ಲಿ ಕೂತರು. ರಟ್ಟು ಇದೆಯಲ್ಲ, ಎದೆಗೆ ಅಡ್ಡ ಹಿಡಿದು ನಿಲ್ಲುತ್ತೇನೆ, ಎಂದರು. ಆಮೇಲೆ ನನ್ನ ಕಡೆ ತಿರುಗಿದರು.

"ನಾಗಪ್ಪ, ಬೆನ್ನಿನ ಹೊಲಿಗಿ ಯಾವಾಗ ಬಿಚ್ಚತದೋ ಗೊತ್ತಿಲ್ಲ. ಸೂಜಿ ದಾರ ತಗೊಂಡು ನೀನೂ ಬಾ. ಹಿಂದ ಕೂತಿರು, ಸಾಕು."

ಶಾಲೆಗೆ. ಅದೂ ಕಡೇ ಸಾಲಿಗೆ. ಅಪ್ಪನ ಮಷೀನಿನ ಚಕ್ರ ನನ್ನ ಕಣ್ಣೆದುರು ಒಂದು ಸುತ್ತು ತಿರುಗಿತು. ಆಗುವುದಿಲ್ಲ ಎನ್ನಲು ಬಾಯಿ ತೆರೆದೆ. ಅವರ ಮಣಿಕಟ್ಟು ಅಂಗಿಯಿಂದ ಹೊರಗೆ ಬಡವಾಗಿ ನಿಂತದ್ದು ಕಂಡಿತು. ಬರುತ್ತೇನೆ ಎಂದೆ.

ಮರುದಿನ ಹುಡುಗರ ಹಿಂದೆ, ಗೋಡೆಗೆ ಬೆನ್ನು ಹಚ್ಚಿ, ಮೊಣಕಾಲು ಬೆಂಚಿಗೆ ತಾಗಿಸಿಕೊಂಡು ಕೂತೆ. ಸಾಹೇಬರು ಮುಂದೆ ಕುರ್ಚಿಯಲ್ಲಿ. ಅವರ ಶೇರ್ವಾನಿಯ ಹೊಲಿಗೆ ನೋಡಿ ಇದು ನಮ್ಮ ಅಂಗಡಿಯದಲ್ಲ ಎಂದುಕೊಂಡೆ. ಮಾಸ್ತರರು ಬಂದರು, ರಟ್ಟನ್ನು ಕೂಸಿನಂತೆ ಎದೆಗೆ ಅಪ್ಪಿಕೊಂಡು. ಕೈಬಿಟ್ಟು ತೋರಿಸುವಂತಿಲ್ಲವಾದ್ದರಿಂದ ಗೆರೆ ಸರಿಯಬೇಕಾದಾಗಲೆಲ್ಲ ತಾವೇ ಸರಿದರು. ಮೇಲೆ ಹೋಗಬೇಕಾದಾಗ ತುದಿಗಾಲಲ್ಲಿ ನಿಂತರು, ಕೆಳಗೆ ಬರಬೇಕಾದಾಗ ಮೊಣಕಾಲು ಬಗ್ಗಿಸಿದರು. ಆಕಾರ ಬದಲಾಗಲಿಲ್ಲ, ಜಾಗ ಮಾತ್ರ ಬದಲಾಯಿತು ನೋಡಿ, ಎಂದಾಗ ಹುಡುಗರ ಕಣ್ಣು ಅವರ ಹಿಂದೆಯೇ ಓಡಾಡಿತು. ಅವರೆಲ್ಲ ಉರ್ದುವಿನಲ್ಲಿ ಮಾತಾಡಿದ್ದನ್ನು ನಾನು ನಮ್ಮ ಮಾತಿನಲ್ಲೇ ಬರೆಯುತ್ತಿದ್ದೇನೆ. ಬಜಾರಿನ ಉರ್ದು ನನಗೂ ಬರುತ್ತಿತ್ತು.

ಕೊನೆಗೆ ಹಲಗೆಯ ಮೇಲೆ ಮೂರು ಕಳೆಯುವ ಲೆಕ್ಕ ಬರೆದು, ಬಲಕ್ಕೆ ಸರಿದು ನಿಂತರು. ಸಾಹೇಬರು ಕೋಲಿನಿಂದ ಆ ಕಡೆ ತೋರಿಸಿದರು. ಕಳೆದಿದ್ದೀರಿ, ಆದರೆ ಮುಂದೆ ಹೋಗಿದ್ದೀರಿ. ಯಾಕೆ?

ನಾನು ಹೂಡಿದ ಜಗಳವೇ ಇವರ ಕೊರಳಿಗೆ ಬಂತಲ್ಲ ಎನ್ನಿಸಿತು. ಮಾಸ್ತರರು ಕಿಟಕಿ ನೋಡಿದರು, ಹಲಗೆ ನೋಡಿದರು, ಕೊನೆಗೆ ಕಡೇ ಸಾಲಿನಲ್ಲಿದ್ದ ನನ್ನನ್ನು ನೋಡಿದರು. ದರ್ಜಿ ಕೊರಳಲ್ಲಿ ಟೇಪಿಲ್ಲದೆ ಹೊರಬಿದ್ದರೆ ಮೈಮೇಲೆ ಬಟ್ಟೆಯಿಲ್ಲದಂತೆ; ಆ ಹರಿದ ಟೇಪು ನನ್ನ ಕೊರಳಲ್ಲಿ ತೂಗುತ್ತಿತ್ತು. ಅವರ ಕಣ್ಣು ಅಲ್ಲಿಗೆ ಬಂದು ನಿಂತಿತು. ನಿಂತದ್ದು ಅರಳಿತು.

"ನಾಗಪ್ಪ, ಇಲ್ಲಿ ಬಾ" ಎಂದರು, ಕನ್ನಡದಲ್ಲಿ, ನಮ್ಮ ಅಂಗಡಿಯಲ್ಲಿ ಕರೆದಂತೆ.

ಹೋದೆ. ಹುಡುಗರ ನಡುವೆ ಹಾದು ಕರಿ ಹಲಗೆಯ ಮುಂದೆ ನಿಂತೆ. ಟೇಪನ್ನು ಅಡ್ಡಗೆರೆಯ ಮೇಲೆ ಹಿಡಿ ಎಂದರು, ಹಿಡಿದೆ. ಈ ಟೇಪು ಎಲ್ಲಿಂದ ಶುರುವಾಗುತ್ತದೆ, ಎಂದು ಸಾಹೇಬರನ್ನೇ ಕೇಳಿದರು. ಸಾಹೇಬರು ಬಗ್ಗಿ ನೋಡಿ ಮೂರರಿಂದ ಎಂದರು. ಮುಂದಿನ ಪ್ರಶ್ನೆಯೂ ಉತ್ತರವೂ ಮಾಸ್ತರರದೇ: ಹಾಗಾದರೆ ಶುರುವಿನಲ್ಲಿ ಸೊನ್ನೆ ಬರಬೇಕಾದರೆ ದರ್ಜಿ ಏನು ಮಾಡಬೇಕು? ಮೂರು ಕಳೆಯಬೇಕು. ಯಾಕೆ? ಶುರುವೇ ಮೂರು ಮುಂದೆ ಹೋಗಿ ಕೂತಿದೆ, ಅದಕ್ಕೇ. ಮಾಸ್ತರರ ಮಾತು ಈಗ ಹರಿಯತೊಡಗಿತ್ತು. ಗೆರೆಯೂ ಹಾಗೆಯೇ ಹುಜೂರ್. ಕಳೆದದ್ದರಿಂದ ಅದು ಹಿಂದೆ ಬರುವುದಿಲ್ಲ. ಅದು ಮುಂದೆ ಹೋಗಿದೆ ಎಂಬುದಕ್ಕೆ ಆ ಕಳೆಯುವುದು ಗುರುತು. ಸರಿದಿದ್ದರೆ ಮಾತ್ರ ಕಳೆಯಬೇಕು. ಸರಿಯದೆ ಇದ್ದಾಗಲೂ ಕಳೆದರೆ ಏನಾಗುತ್ತದೆ ಗೊತ್ತೇ?

ಹಾಗೆಂದು ರಟ್ಟನ್ನು ಕೆಳಗಿಳಿಸಿದರು.

ಬಾಯಿಬಿಟ್ಟ ಶೇರ್ವಾನಿ, ನಡುವೆ ಬಿಳಿ ಅಂಗಿ, ಮೊಣಕೈ ಕಡೆಗೆ ಓಡುತ್ತಿದ್ದ ತೋಳು. ಹೊಸ ಟೇಪಿನ ಕಥೆ ಹೇಳಿದರು. ಯಾರ ಕೈ ಎಂದು ಮಾತ್ರ ಹೇಳಲಿಲ್ಲ. ಹುಡುಗರು ನಕ್ಕರು. ಸಾಹೇಬರು ಮೊದಲು ತಡೆದುಕೊಂಡರು, ಆಮೇಲೆ ಕುರ್ಚಿಯ ಹಿಡಿಕೆ ಹಿಡಿದು ನಕ್ಕರು. ಆ ನಗೆಯಲ್ಲೇ ಮಾಸ್ತರರ ಬೆನ್ನಿನ ಹೊಲಿಗೆ ಚರ್ ಎಂದು ಬಿಚ್ಚಿಕೊಂಡಿತು. ನಾನು ಅಲ್ಲೇ ನಿಂತು ಸೂಜಿ ತೆಗೆದೆ. ಒಂದು ಪ್ರಶ್ನೆ ಮಾತ್ರ ನನ್ನೊಳಗೆ ಸದ್ದಿಲ್ಲದೆ ಕೂತುಕೊಂಡಿತು: ಎಡಕ್ಕೆ ಎಂದು ಹಟ ಹಿಡಿದ ನಾನು, ಗೆರೆ ಬಲಕ್ಕೇ ಹೋಗುತ್ತದೆ ಎಂದು ಇವರಿಗೆ ಯಾವ ಬಾಯಿಂದ ಹೇಳಲಿ? ಹೊಲಿಗೆಯನ್ನು ಸ್ವಲ್ಪ ಗಟ್ಟಿಯಾಗಿ ಹಾಕಿದೆ.

ನೌಕರಿ ಕಾಯಂ ಆಯಿತು. ಮದುವೆಗೆ ಉಸ್ತಾದರೂ ನಾನೂ ದೇವದುರ್ಗಕ್ಕೆ ಹೋಗಿದ್ದೆವು. ಬೀಗರ ಮನೆಯ ಅವಲಕ್ಕಿಯನ್ನು ಉಸ್ತಾದರು ಕೈಯಲ್ಲಿ ಹಿಡಿದು, ಇದರಿಂದ ಯಾರೂ ಮೂರು ಇಂಚು ಊದಲಾರರು ಎಂದು ಬಹಳ ಹೊತ್ತು ನೋಡಿದರು. ಮಾಸ್ತರರ ಹೆಂಡತಿಯ ಸಾಮಾನು ಬಂದ ಮೇಲೆ ಮಾಳಿಗೆಯ ಕೋಣೆಯಲ್ಲಿ ಜಾಗ ಸಾಲದೆ ರಟ್ಟು ನನ್ನ ಪಾಲಿಗೆ ಬಂತು. ಕಂಟ್ರೋಲು ಹೋಗಿ ಬಟ್ಟೆ ಸಿಗತೊಡಗಿದಾಗ ಉಸ್ತಾದರು ಹೊಸ ಶೇರ್ವಾನಿ ತಾವಾಗಿ ಹೊಲಿದುಕೊಟ್ಟರು. ಹಳೆಯದನ್ನು ಬಿಚ್ಚಿ ಏನಾದರೂ ಮಾಡೋಣ ಎಂದರೆ ಮಾಸ್ತರರು ಕೊಡಲಿಲ್ಲ, ಪೆಟ್ಟಿಗೆಯಲ್ಲಿ ಇಟ್ಟುಕೊಂಡರು.

ಉಸ್ತಾದರು ಹೋದರು. ಅಂಗಡಿ ನನ್ನದಾಯಿತು. ಜೋಡಿ ಎಡತೋಳು ಈಗಲೂ ಗೋಡೆಯ ಮೇಲಿದೆ. ಶೇರ್ವಾನಿ ಹೊಲಿಸುವವರು ಇಲ್ಲವಾದರು. ಮಾಸ್ತರರು ಪಿಂಚಣಿಗೆ ಬಂದು, ಹೆಂಡತಿಯನ್ನು ಕಳೆದುಕೊಂಡು, ಒಂದು ದೊಡ್ಡ ಜ್ವರದಲ್ಲಿ ಮಲಗಿ ಎದ್ದರು. ಎದ್ದ ಮೇಲೆ ಹೋದ ವರ್ಷ ಒಂದು ಮಧ್ಯಾಹ್ನ ಬಗಲಲ್ಲಿ ಗಂಟು ಹಿಡಿದುಕೊಂಡು ಅಂಗಡಿಗೆ ಬಂದರು. ಗಂಟಿನೊಳಗೆ ಅದೇ ಶೇರ್ವಾನಿ. ಅದನ್ನು ತೊಟ್ಟು ನಿಂತರು. ನಾನು ಗುಂಡಿ ಹಾಕಿದೆ. ಒಂದೊಂದಾಗಿ ಎಲ್ಲವೂ ಬಿದ್ದವು. ತೋಳು ಮಾತ್ರ ಅಷ್ಟೇ ಗಿಡ್ಡ. ಮಣಿಕಟ್ಟು ಅಂದಿನಂತೆಯೇ ಹೊರಗೆ.

"ಟೇಪು ತಗಿ, ನಾಗಪ್ಪ" ಎಂದರು.

ಒಳಗೆ ಹೋಗಿ ಉಸ್ತಾದರ ಹರಿದ ಟೇಪು ತಂದೆ. ಶೇರ್ವಾನಿ ಬಿಚ್ಚಿಸಿ ಎದೆಯ ಸುತ್ತ ಹಿಡಿದೆ. ಪಕ್ಕೆಲುಬು ಬೆರಳಿಗೆ ಸಿಗುತ್ತಿದ್ದವು. ಟೇಪು ತೋರಿಸಿದ್ದನ್ನು ಓದಿದೆ.

"ಮೂವತ್ತನಾಕು."

ಅದು ಅವರ ಇಪ್ಪತ್ತರ ವಯಸ್ಸಿನ ಎದೆ. ಅವರಿಗೆ ಟೇಪು ಗೊತ್ತು, ಲೆಕ್ಕವೂ ಗೊತ್ತು. ಕನ್ನಡಕದ ಮೇಲಿಂದ ನನ್ನನ್ನು ನೋಡಿದರು.

"ಮೂರು ಕಳೀಲಿಲ್ಲೇನು?"

"ಇಲ್ರೀ ಮಾಸ್ತರ" ಎಂದೆ. "ಇವತ್ತು ಕಳಿಯಂಗಿಲ್ಲ."